ಮಜ್ಜಿಗೆ ಗಡಿಗೆಯ ಮೇಲಿನ ಝಾಂಜ್

ಹೇಳಿದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ನಾನು ಹೇಳಿದ್ದನ್ನು ನಂಬದವರದೇ ಒಂದು ಸಂಘ ನಮ್ಮ ಕಾಲೇಜಿನಲ್ಲಿದೆ. ಆದರೆ ಇದು ಮಾತ್ರ ಖರೆ: ನಮ್ಮ ಮನೆಯ ಮಜ್ಜಿಗೆ ಗಡಿಗೆಯ ಮುಚ್ಚಳ ಜತ್ತ ತಾಲೂಕಿನ ಅರ್ಧ ಜನರ ಮದುವೆಗೆ ಹೋಗಿಬಂದಿದೆ. ಉಳಿದರ್ಧ ಜನರಿಗೆ ಇನ್ನೂ ಮದುವೆಯಾಗಿಲ್ಲ.

ಅದು ಮುಚ್ಚಳವಲ್ಲ, ಝಾಂಜ್. ಕಂಚಿನ ದೊಡ್ಡ ತಾಳ, ಜೋಡಿಯಲ್ಲಿ ಒಂದು. ನಮ್ಮಪ್ಪ ಬಾರಿಸುವುದು. ಮದುವೆ ಇದ್ದ ದಿನ ಅಪ್ಪನ ಕೈಯಲ್ಲಿರುತ್ತದೆ, ಇಲ್ಲದ ದಿನ ಗಡಿಗೆಯ ಮೇಲೆ. ಹಗ್ಗ ಪೋಣಿಸಲು ಅದರ ನಡುವೆ ಒಂದು ತೂತಿದೆ. ನಿನ್ನೆ ಆ ತೂತಿನಿಂದ ಒಂದು ಇರುವೆ ಇಳಿದು ನನ್ನ ಮಜ್ಜಿಗೆಯಲ್ಲಿ ಆರಾಮವಾಗಿ ಈಜುತ್ತಿತ್ತು.

"ಅವ್ವಾ, ಇದಕ್ಕೊಂದ ಚಲೋ ಮುಚ್ಚಳ ಹಾಕಬಾರ್ದೇನ?" ಎಂದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾಕ, ಇದನ್ನ ಮುಚ್ಚಳಾ ಮಾಡಿದಾಂವ ನೀನ ಅಲ್ಲೇನು?"

ಅಷ್ಟೇ ಮಾತು. ರೊಟ್ಟಿಗೆ ಎರಡು ಏಟು ಜಾಸ್ತಿ ಬಿದ್ದವು. ಅವು ಯಾರ ಪಾಲಿನವು ಎಂದು ನನಗೂ ಗೊತ್ತು, ರೊಟ್ಟಿಗೂ ಗೊತ್ತು.

ಸಿಟ್ಟು ಬಂದಾಗ ನಾನು ಎರಡು ಕೆಲಸ ಮಾಡುತ್ತೇನೆ. ಒಂದು, ನನ್ನ ಕೀಬೋರ್ಡ್ ಗುದ್ದುವುದು. ಇನ್ನೊಂದು, ಎದುರಿಗೆ ಸಿಕ್ಕವರನ್ನು ಹಿಡಿದು ಕೂರಿಸಿ ಕಥೆ ಹೇಳುವುದು. ಕೀಬೋರ್ಡಿನ ಮೂರು ಕೀಗಳು ಈಗ ಅಂಟಿಕೊಂಡು ಕೂತಿವೆ. ಹಾಗಾಗಿ ನೀವು ಸಿಕ್ಕಿದ್ದೀರಿ.

ನಮ್ಮದು ಗಡಗಡಾಟ ಬ್ಯಾಂಜೋ ಪಾರ್ಟಿ, ಊರು ವಳಸಂಗ. ಬ್ಯಾಂಜೋ ಎಂದರೆ ಮರದ ಹಲಗೆಯ ಮೇಲೆ ತಂತಿ ಬಿಗಿದು, ಟೈಪ್ ಮಾಡುವ ಯಂತ್ರದಂಥ ಗುಂಡಿಗಳನ್ನು ಕೂರಿಸಿದ ವಾದ್ಯ. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ತಂತಿ ಮೀಟಬೇಕು. ಅದರ ವೈರನ್ನು ಭೋಂಗಾ ಸ್ಪೀಕರಿಗೆ ಚುಚ್ಚಿದರೆ ವಳಸಂಗದಲ್ಲಿ ಮೀಟಿದ್ದು ಬೆಳುಂಕಿಯಲ್ಲಿ ಎಮ್ಮೆಗೆ ಕೇಳಿಸಿ ಅದು ಹಾಲು ಏರಿಸಿಕೊಳ್ಳುತ್ತದೆ. ಪಾರ್ಟಿಗೆ ಮೂವತ್ತು ವರ್ಷವಾಗಿದೆ, ನನಗೆ ಹದಿನೇಳು. ಮೊದಲು ಹನ್ನೊಂದು ಮಂದಿ ಇದ್ದರಂತೆ. ಆಮೇಲೆ ಗೋಡೆಯಷ್ಟು ಸ್ಪೀಕರ್ ಹೊತ್ತ ಡಿಜೆ ಗಾಡಿಗಳು ಬಂದವು, ಒಬ್ಬೊಬ್ಬರೇ ಇಳಿದುಹೋದರು. ಉಳಿದವರು ಮೂವರು. ನಾನು ಕೀಬೋರ್ಡ್ ಹಿಡಿದು ಸೇರಿದ ಮೇಲೆ ಎಷ್ಟಾದರು ಎಂದು ಕೇಳಿದರೆ ಬ್ಯಾಂಜೋ ಬಾರಿಸುವ ಬಾಬು ಕಾಕಾ "ಮೂರೂವರಿ" ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಒಂಬತ್ತು.

ನಮ್ಮದೇ ಒಂದು ಧಾಟಿಯಿದೆ. ಅದಕ್ಕೆ ಹೆಸರಿಲ್ಲ. ಜನ "ಆ ವಳಸಂಗದ್ದ ಬಾರಸ್ರಿ" ಎನ್ನುತ್ತಾರೆ, ಅದೇ ಹೆಸರು. ಅದು ಶುರುವಾದರೆ ಮಂಡಿನೋವಿನ ಅಜ್ಜಂದಿರೂ ಕೋಲು ಬಿಸಾಕಿ ಕುಣಿಯುತ್ತಾರೆ, ಮರುದಿನ ಕೋಲು ಹುಡುಕಲು ನಮ್ಮ ಮನೆಗೆ ಬರುತ್ತಾರೆ. ಅಂಥ ಧಾಟಿ ಹುಟ್ಟಿದ್ದು ಹೇಗೆ? ದೊಡ್ಡ ದೊಡ್ಡ ಸಂಗೀತಗಾರರು ಬೆಟ್ಟದ ಮೇಲೆ ಕೂತು ಕಣ್ಣು ಮುಚ್ಚುತ್ತಾರಂತೆ. ನಮ್ಮವರು ಏನೂ ಮುಚ್ಚಲಿಲ್ಲ.

ಬ್ಯಾಂಜೋ ಬಾಬು ಕಾಕಾನದು. ಅಪ್ಪನ ಖಾಸಾ ತಮ್ಮನಲ್ಲ, ಆದರೆ ಖಾಸಾ ತಮ್ಮನಿಗಿಂತ ಹೆಚ್ಚು ಜಗಳ ಆಡುತ್ತಾರೆ. ಅವರ ಬ್ಯಾಂಜೋ ಒಮ್ಮೆ ಟೆಂಪೋದಿಂದ ಉರುಳಿ ಎರಡು ಗುಂಡಿ ಹಾರಿಹೋದವು. ಹೊಸದು ಹಾಕಿಸುವ ಬದಲು ಕಾಕಾ ಆ ಎರಡು ಸ್ವರಗಳನ್ನೇ ಜೀವನದಿಂದ ತೆಗೆದುಹಾಕಿದರು. ಅಲ್ಲಿಗೆ ಬಂದಾಗ ಧಾಟಿ ಹಳ್ಳ ದಾಟುವ ಆಡಿನ ಹಾಗೆ ಟಣಕ್ಕನೆ ಜಿಗಿಯುತ್ತದೆ. ಆ ಜಿಗಿತ ಕೇಳಿಯೇ ಜನ ಶಿಳ್ಳೆ ಹಾಕುವುದು.

ಢೋಲು ರಜಾಕ ಮಾಮಾನದು. ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಕಬ್ಬಿನ ಹಾಲಿನ ಅಂಗಡಿಯಿದೆ. ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿದ್ದಾರೆ. ಚಕ್ರ ಹಗುರಾಗಿ ತಿರುಗುವಾಗ ಗೆಜ್ಜೆ ಒಂದು ಚಾಲಿನ ಲಯದಲ್ಲಿ, ಕಬ್ಬು ಸಿಕ್ಕಿಕೊಂಡಾಗ ಇನ್ನೊಂದು ಚಾಲಿನಲ್ಲಿ ನುಡಿಯುತ್ತದೆ. ಮಾಮಾನ ಢೋಲೂ ಹಾಗೆಯೇ: ಓಡುತ್ತದೆ, ಓಡುತ್ತದೆ, ನಡುವೆ ಒಮ್ಮೆ 'ಉಂಹೂಂ' ಎಂದು ಗಂಟು ಅಗಿಯುತ್ತದೆ, ಮತ್ತೆ ಓಡುತ್ತದೆ. ಪುಣೆಯಿಂದ ಬಂದ ಒಬ್ಬ ಢೋಲಿನವನು ಅದನ್ನು ಕಲಿಯಲು ಒಂದು ದಿನವೆಲ್ಲ ಕೂತಿದ್ದ. ಹನ್ನೆರಡು ಗ್ಲಾಸ್ ಕಬ್ಬಿನ ಹಾಲು ಕುಡಿದು ಹೊಟ್ಟೆ ಹಿಡಿದುಕೊಂಡು ಹೋದ, ಚಾಲು ಮಾತ್ರ ಸಿಗಲಿಲ್ಲ.

ಇನ್ನು ನಮ್ಮಪ್ಪ. ಇಲ್ಲಿಂದ ನನ್ನ ಸಿಟ್ಟು ಶುರು.

ಅಪ್ಪ ಬಾರಿಸುವುದು ಝಾಂಜ್. ಬಾರಿಸುವುದು ಎಂದು ನಾನು ಮರ್ಯಾದೆಗೆ ಹೇಳಿದೆ. ವರಾತಿಯ, ಅಂದರೆ ಮದುವೆ ಮೆರವಣಿಗೆಯ ಎದುರಿಗೆ ಎರಡು ತಾಸು ನಡೆಯುತ್ತಾನೆ, ನೂರು ಸಲ ಕೈಯೆತ್ತಿದರೆ ಹತ್ತು ಸಲ ಹೊಡೆಯುತ್ತಾನೆ. ಉಳಿದ ಹೊತ್ತೆಲ್ಲ ಆಚೀಚೆ ಮನೆಗಳನ್ನು ನೋಡುತ್ತಾನೆ, ಕನ್ಯಾ ನೋಡಲು ಬಂದವನ ಹಾಗೆ. ಬೆಳಿಗ್ಗೆ ಬಾಬು ಕಾಕಾ ತಂತಿ ಬಿಗಿಯುವಾಗ, ರಜಾಕ ಮಾಮಾ ಢೋಲಿಗೆ ಬಿಸಿಲು ತೋರಿಸುವಾಗ, ನಾನು ಕನ್ನಡಿಯ ಮುಂದೆ ಕೂದಲಿನ ಜೊತೆ ಹೋರಾಡುವಾಗ, ಅಪ್ಪ ವರಾತಿ ಹೋಗುವ ದಾರಿ ಹಿಡಿದು ಮನೆ ಮನೆ ಹೊಕ್ಕು ಚಹಾ ಕುಡಿಯುತ್ತಿರುತ್ತಾನೆ. ಹದಿನಾಲ್ಕು ಮನೆ, ಹದಿನಾಲ್ಕು ಕಪ್ಪು. ಇದಕ್ಕೆ ಅವನು "ಹಾದಿ ನೋಡಿ ಬರೂದು" ಎನ್ನುತ್ತಾನೆ. ಆದರೆ ಜನ ಮೆಚ್ಚಿದಾಗ ಯಾರ ಭುಜ ತಟ್ಟುತ್ತಾರೆ? ಅವನದು. ಅವನದೇ!

ನನ್ನ ಕಾಣಿಕೆಯೂ ಇದೆ. ಧಾಟಿಯ ನಡುವೆ ನನ್ನದೊಂದು ಸೋಲೋ, ಒಂದೂವರೆ ನಿಮಿಷ ಬೆರಳು ಕಾಣದ ಹಾಗೆ ಬಾರಿಸುತ್ತೇನೆ. ಬೆರಳು ಕಾಣದಿರಲು ಇನ್ನೊಂದು ಕಾರಣವಿದೆ: ಅದರ ಅರ್ಧಭಾಗ ಕೀಬೋರ್ಡಿನಲ್ಲಿ ಕಂಪನಿಯವರೇ ತುಂಬಿ ಕಳಿಸಿದ್ದು, ಗುಂಡಿ ಒತ್ತಿದರೆ ಅದಾಗಿಯೇ ಬರುತ್ತದೆ. ಇದನ್ನು ನಿಮಗಷ್ಟೇ ಹೇಳಿದ್ದೇನೆ, ಬಾಯಿ ಬಿಡಬೇಡಿ.

ಹೋದ ವರ್ಷ ಬೆಳುಂಕಿಯ ವರಾತಿಯಲ್ಲಿ ಆ ಸೋಲೋ ಏರುತ್ತಿತ್ತು. ಎದುರಿಗೆ ಮೂವತ್ತು ಮೊಬೈಲು, ನನ್ನ ಕಾಲೇಜಿನ ಹುಡುಗರು, ಹುಡುಗಿಯರು ಕೂಡ. ನಾನು ಬಲಗೈಯನ್ನು ಆಕಾಶಕ್ಕೆ ಎತ್ತಿದೆ, ಇನ್ನೇನು ಕೊನೆಯ ಸ್ವರದ ಮೇಲೆ ಗಿಡುಗದ ಹಾಗೆ ಎರಗಬೇಕು. ಅಪ್ಪ 'ಝಣ್' ಎಂದು ಒಂದು ಹೊಡೆದ. ಕಾಕಾ ನಿಂತರು, ಮಾಮಾ ನಿಂತರು, ಊರೇ ನಿಂತಿತು. ನನ್ನ ಕೈ ಮಾತ್ರ ಮೇಲೇ ಉಳಿಯಿತು, ಬಸ್ಸಿಗೆ ಕೈ ಮಾಡಿ ಬಸ್ ನಿಲ್ಲದವನ ಹಾಗೆ. ಅಷ್ಟೂ ಮೂವತ್ತು ಮೊಬೈಲಿನಲ್ಲಿ ಅದೇ ಉಳಿದಿದೆ. ಒಂದು ವಾರ ಇಡೀ ತಾಲೂಕಿನ ಸ್ಟೇಟಸ್ಸು ನಾನೇ. ಕಾಲೇಜಿನಲ್ಲಿ ಹಾಜರಿ ಕರೆದರೆ ಹಿಂದಿನ ಬೆಂಚಿನವರು 'ಝಣ್' ಎನ್ನುತ್ತಿದ್ದರು.

ಮನೆಗೆ ಬಂದು ಕೂಗಾಡಿದೆ. "ಅಪ್ಪಾ, ಯಾಕ ನಿಲ್ಲಿಸಿದಿ? ಹೇಳ, ಯಾಕ ನಿಲ್ಲಿಸಿದಿ?"

"ನಿಲ್ಲಸೂದ ಇತ್ತಪಾ, ನಿಲ್ಲಿಸಿದ್ನಿ," ಎಂದು ಅವನು ಚಪ್ಪಲಿಯ ಧೂಳು ಜಾಡಿಸಿದ. ಇಂಥ ಉತ್ತರ ಕೊಡುವವನ ಮೇಲೆ ಸಿಟ್ಟು ಮಾಡುವುದೂ ಒಂದು ಶಿಕ್ಷೆ. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ.

ನನ್ನ ಸಮಯ ಈ ವರ್ಷ ಬಂತು. ಬೆಳುಂಕಿಯಿಂದಲೇ ಒಬ್ಬರು ಫೋನ್ ಮಾಡಿದರು. ಮಗಳ ಮದುವೆ, ಬ್ಯಾಂಜೋ ಬೇಕೋ ಡಿಜೆ ಬೇಕೋ ಎಂದು ಮನೆಯಲ್ಲಿ ಜಗಳವಂತೆ. "ನಿಮ್ಮ ವಳಸಂಗದ್ದರ ಲಿಂಕ್ ಕಳಸ್ರಿ. ಮಂಗಳವಾರ ಸಂಜಿ ಐದರೊಳಗ ಬರಲಿಲ್ಲಾಂದ್ರ ಡಿಜೆಕ್ಕ ಹೇಳಿಬಿಡತೀವಿ." ಮೂವತ್ತು ವರ್ಷದ ಪಾರ್ಟಿಯದು ಒಂದೇ ಒಂದು ರೆಕಾರ್ಡಿಂಗ್ ಇರಲಿಲ್ಲ. ಇದ್ದದ್ದು ನನ್ನ ಕೈ ಆಕಾಶದಲ್ಲೇ ಉಳಿದ ಆ ವಿಡಿಯೋ. ಆ ಸೀಸನ್ನಿಗೆ ಬೇರೆ ಯಾರೂ ಕೇಳಿರಲಿಲ್ಲ. ಬಾಬು ಕಾಕಾ ಬ್ಯಾಂಜೋದ ಮೇಲೆ ಕೈಯಿಟ್ಟು, "ಇದೂ ಹ್ವಾದ್ರ ಇದನ್ನ ಅಟ್ಟಕ್ಕ ಹಾಕಿಬಿಡತೀನಿ. ಮತ್ತ ಇಳಿಸಂಗಿಲ್ಲ," ಎಂದರು. ಅವರು ಮಾತಿಗೊಮ್ಮೆ ಅಟ್ಟಕ್ಕೆ ಹಾಕುವ ಮನುಷ್ಯರಲ್ಲ. ಆ ಎರಡು ಗುಂಡಿಗಳನ್ನು ಇಂದಿಗೂ ಹಾಕಿಸಿಲ್ಲ, ನೋಡಿ.

ಜತ್ತದಲ್ಲಿ ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಸ್ಟುಡಿಯೋ ಇದೆ. ನಾನೇ ಹೋಗಿ ಮಾತಾಡಿ ಬಂದೆ. ಐದು ಮೈಕು ಇದ್ದವು. ಮನೆಗೆ ಬರುವಷ್ಟರಲ್ಲಿ ಮೂರಾದವು.

"ಅಪ್ಪಾ, ಅಲ್ಲಿ ಮೂರ ಮೈಕ್ ಅದಾವು. ಝಾಂಜಿಂದ ಆವಾಜ ಕಂಪ್ಯೂಟರ್‌ದಾಗ ಸಿಗತೈತೆಂತ."

ಅಪ್ಪ ನನ್ನ ಮುಖ ನೋಡಿದ. "ಸಿಗತೈತೇನು? ಚಲೋ ಆತು ಬಿಡು," ಎಂದು ಝಾಂಜಿನ ಜೋಡಿಯನ್ನು ಮೊಳೆಗೆ ನೇತುಹಾಕಿದ. ಮರುದಿನ ಜೋಡಿಯಲ್ಲಿ ಒಂದು ಗಡಿಗೆಯ ಮೇಲಿತ್ತು. "ಬಾರಸಾಂವ ಬ್ಯಾಡಾದ ಮ್ಯಾಲ ಇದರೇ ಯಾಕ ಸುಮ್ಮ ಕುಂದ್ರಬೇಕು?" ಎಂದು ಅವ್ವ ಗಡಿಗೆಗೆ ಹೇಳಿದಳು. ನನಗಲ್ಲ, ಗಡಿಗೆಗೆ.

ಮಂಗಳವಾರ ಮಧ್ಯಾಹ್ನ ಮೂವರೂ ಮಾಳಿಗೆ ಹತ್ತಿದೆವು. ಗೋಡೆ ತುಂಬ ತತ್ತಿ ಇಡುವ ಟ್ರೇ ಅಂಟಿಸಿದ್ದರು, ಶಬ್ದ ಹೊರಗೆ ಹೋಗದಿರಲಿ ಎಂದು. ಬಾಬು ಕಾಕಾ ಅವನ್ನು ಮುಟ್ಟಿ ನೋಡಿ, "ಇಷ್ಟ ತತ್ತಿ ತಿಂದಾಂವ ರೆಕಾರ್ಡಿಂಗ್ ಚಲೋ ಮಾಡತಾನ," ಎಂದರು. ರಜಾಕ ಮಾಮಾ ಮಾತ್ರ ಮೈಕುಗಳ ಕಡೆ ಬೆರಳು ಮಾಡಿದರು.

"ಬೇಟಾ ಪಿಂಟ್ಯಾ, ಮೂರ ಅಂದಿದ್ದಿ. ಐದ ಅದಾವಲ್ಲೋ?"

"ಎರಡ ಕೆಟ್ಟಾವ್ರಿ ಮಾಮಾ," ಎಂದೆ, ಕಣ್ಣು ಮಿಟುಕಿಸದೆ.

ಆಪರೇಟರ್ ಹುಡುಗ ತಲೆಯೆತ್ತಿದ. ನನಗಿಂತ ನಾಲ್ಕು ವರ್ಷ ದೊಡ್ಡವನು, ನನ್ನನ್ನು ಉಳಿಸಬಹುದಿತ್ತು. "ಎಲ್ಲಾ ಚಾಲೂ ಅದಾವ್ರಿ. ನಿನ್ನೆ ಬಂದ ಹಿರ್ಯಾರು ಸೈತ ಎಣಿಸಿ ಹ್ವಾದ್ರು."

"ಯಾವ ಹಿರ್ಯಾರು?"

"ಬಿಳಿ ಟೋಪಿ ಹಾಕ್ಕೊಂಡಿದ್ರು. ಚಹಾ ಕುಡದ್ರು. ಕೆಳಗಿನ ಟ್ಯೂಷನ್ ಎಷ್ಟಕ್ಕ ಬಿಡತೈತಿ, ಬಾಜೂ ಮನ್ಯಾಗ ಯಾರಿಗೆರ ಆರಾಮ ಇಲ್ಲೇನು ಅಂತ ಕೇಳಿದ್ರು. ಎರಡರ ಮ್ಯಾಲ ಶುರೂ ಮಾಡು, ಹುಡುಗೋರ ಬಿಟ್ಟಿರತಾವ ಅಂತ ಹೇಳಿ ಹ್ವಾದ್ರು."

ಹಾದಿ ನೋಡಿ ಹೋಗಿದ್ದ. ಅವನನ್ನು ಕರೆಯದ ಜಾಗಕ್ಕೂ ಹಾದಿ ನೋಡಿ ಹೋಗಿದ್ದ. ನನ್ನ ಕಿವಿ ಎರಡೂ ಬಿಸಿಯಾದವು. ನಾಚಿಕೆಗಲ್ಲ, ಸಿಟ್ಟಿಗೆ. ಸುಳ್ಳು ಗೊತ್ತಾದ ಮೇಲೆ ಕಪಾಳಕ್ಕೆ ಒಂದು ಕೊಡಬೇಕಲ್ಲವೇ? ಎಲ್ಲ ಮನೆಗಳಲ್ಲಿ ಕೊಡುತ್ತಾರೆ. ನಮ್ಮ ಮನೆಯಲ್ಲಿ ಚಹಾ ಕುಡಿದು ಸುಮ್ಮನೆ ಬರುತ್ತಾರೆ!

ಬಾಬು ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾತ ಆಮ್ಯಾಲ. ಐದಕ್ಕ ಕಳಸಬೇಕು, ಹಿಡೀರಿ," ಎಂದರು.

ಹಿಡಿದೆವು. ರಜಾಕ ಮಾಮಾ ಮೂವತ್ತು ವರ್ಷ ನಡೆಯುತ್ತ ಬಾರಿಸಿದವರು, ನಿಂತು ಬಾರಿಸಲು ಅವರ ಕಾಲಿಗೆ ಗೊತ್ತಿಲ್ಲ. ಹತ್ತು ಅಡಿಯ ಕೋಣೆಯಲ್ಲಿ ನಡೆದರು, ತತ್ತಿ ಟ್ರೇಗೆ ಢೋಲು ತಾಗಿತು, ತಿರುಗಿದರು, ಮತ್ತೆ ನಡೆದರು. ನಾಲ್ಕನೆಯ ಸುತ್ತಿಗೆ ಮೈಕಿನ ವೈರು ಕಾಕಾನನ್ನು ಕಂಬಕ್ಕೆ ಕಟ್ಟಿದ ಹೋರಿಯ ಹಾಗೆ ಬಿಗಿದಿತ್ತು. ಅದನ್ನೆಲ್ಲ ಬಿಡಿಸಿ ಮತ್ತೆ ಶುರು ಮಾಡಿದೆವು. ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಖಾಲಿ ಬಂತು.

ಖಾಲಿಯ ಬಗ್ಗೆ ನಿಮಗೆ ಹೇಳಿಲ್ಲ. ವಳಸಂಗದ್ದರಲ್ಲಿ ಒಂದು ಕಡೆ ಎಲ್ಲ ವಾದ್ಯಗಳೂ ಬಂದ್ ಆಗುತ್ತವೆ. ಜನ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಲ್ಲುತ್ತಾರೆ. ಆಮೇಲೆ ಒಮ್ಮೆಲೇ ಎಲ್ಲ ಸಿಡಿಯುತ್ತದೆ. ಧಾಟಿಯ ಜೀವವೇ ಅದು. ನಾವೂ ಬಂದ್ ಆದೆವು. ಕಾಕಾ ನನ್ನನ್ನು ನೋಡಿದರು. ನಾನು ಮಾಮಾನನ್ನು ನೋಡಿದೆ. ಮಾಮಾ ಬಾಗಿಲನ್ನು ನೋಡಿದರು.

"ಯಾಕ ನಿಂತ್ರಿ?" ಎಂದ ಆಪರೇಟರ್. "ಈ ಖಾಲಿ ಎಷ್ಟ ಮಾತ್ರಾದ್ದು?"

ಮೂವರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ! ಯಾರೂ ಎಣಿಸಿರಲಿಲ್ಲ. ಅಪ್ಪ ಕೈಯೆತ್ತಿದರೆ ನಿಲ್ಲುವುದು, ಇಳಿಸಿದರೆ ಸಿಡಿಯುವುದು.

"ಅದು ಎಷ್ಟರೇ ಇರತಿತ್ತು," ಎಂದರು ರಜಾಕ ಮಾಮಾ. "ಒಮ್ಮೆ ಇಲ್ಲೇ ಜತ್ತದಾಗ, ಒಂದ ಗಲ್ಲ್ಯಾಗ ಬಾರಸ್ಕೋತ ಹೊಂಟಿದ್ವಿ. ನಿಮ್ಮ ಅಪ್ಪ ನಡುವ ಕೈ ಎತ್ತಿದಾ. ಒಂದ ಮನ್ಯಾಗ ಮಣ್ಣ ಮಾಡಿ ಬಂದ ಎರಡ ದಿನ ಆಗಿತ್ತ, ಅಂವಗ ಗೊತ್ತಿತ್ತು. ಆ ಮನಿ ದಾಟೂತನಕಾ ಕಾಲಿನ ಸಪ್ಪಳಾ ಅಷ್ಟ. ಮೂಲಿ ದಾಟಿದ್ವಿ, ಕೈ ಇಳಿಸಿದಾ. ಅಲ್ಲಾ ಕಸಮ್, ಮಂದಿ ಹ್ಯಾಂಗ ಕುಣದರ ಅಂತೀ! ಮುಂದ ಎಲ್ಲಿ ಹ್ವಾದ್ರೂ ಆ ನಿಲ್ಲಸೂದು ಮತ್ತೊಮ್ಮೆ ಮಾಡ್ರಿ ಅನ್ನಾಕತ್ರು."

"ಹಂಗಾರ ಹೋದ ವರ್ಷ ಬೆಳುಂಕ್ಯಾಗ? ನನ್ನ ಸೋಲೋದಾಗ ಯಾರ ಸತ್ತಿದ್ರು?"

"ಯಾರೂ ಸತ್ತಿಲ್ಲಲೇ, ಹುಟ್ಟಿತ್ತು," ಎಂದರು ಬಾಬು ಕಾಕಾ. "ಕೆಂಪ ಬಾಗಲದ ಮನ್ಯಾಗ. ಮೂರ ದಿನದ ಕೂಸು. ಬೆಳಿಗ್ಗೆ ಅಂವಾ ಹಾದಿ ನೋಡಾಕ ಹೋದಾಗ ನೀ ತಲಿ ಬಾಚಾಕತ್ತಿದ್ದಿ."

ಮೂರು ದಿನದ ಕೂಸು ನನ್ನ ಸೋಲೋ ಕೇಳಿದ್ದರೆ ಇವತ್ತು ಎದ್ದು ತಬಲಾ ಬಾರಿಸುತ್ತಿತ್ತು. ಇದನ್ನು ಹೇಳಹೋದವನು ಬಗ್ಗಿ ಕೀಬೋರ್ಡಿನ ವೈರು ಸರಿಮಾಡಿದೆ.

ಎರಡನೆಯ ಸಲ ಖಾಲಿಯಲ್ಲಿ ನಾನು ಮೊದಲು ಹಾರಿದೆ, ಕಾಕಾ ಹಿಂದೆ ಉಳಿದರು. ಮೂರನೆಯ ಸಲ ಖಾಲಿಯನ್ನೇ ಬಿಟ್ಟು ಬಾರಿಸಿದೆವು. ಆಗ ಇನ್ನೊಂದು ಗೊತ್ತಾಯಿತು: ನಮಗೆ ಮುಗಿಸಲೂ ಬರುವುದಿಲ್ಲ. ವರಾತಿ ಮಂಟಪ ಮುಟ್ಟುವತನಕ ಬಾರಿಸುವುದಷ್ಟೇ ಗೊತ್ತು, ಮುಟ್ಟಿದ್ದನ್ನು ಹೇಳುವವನು ಅಪ್ಪ. ಕಾಕಾ ನಿಲ್ಲಿಸಿದರೆ ಮಾಮಾ ಮುಂದುವರಿಸುತ್ತಾರೆ. ಮಾಮಾ ನಿಲ್ಲಿಸಿದರೆ ಕಾಕಾ ಮರ್ಯಾದೆಗೆಂದು ಮತ್ತೆ ಎತ್ತಿಕೊಳ್ಳುತ್ತಾರೆ. ಹನ್ನೊಂದು ನಿಮಿಷವಾಯಿತು.

"ಥಾಂಬಾ, ಥಾಂಬಾ!" ಎಂದು ಆಪರೇಟರ್ ನಮ್ಮನ್ನು ನಿಲ್ಲಿಸಲು ಎರಡೂ ಕೈ ಆಡಿಸಿದ. "ಮುಗಸಾಕ ಬರಲಿಲ್ಲಾಂದ್ರ ಬಿಡ್ರಿ, ನಾ ಕಂಪ್ಯೂಟರ್‌ದಾಗ ಕಡಿಕ ಹಳೂಕ ಆವಾಜ ಇಳಿಸಿಬಿಡತೀನಿ."

ಬಾಬು ಕಾಕಾನ ಮೀಸೆ ನಡುಗಿತು. "ಮೂವತ್ತ ವರ್ಷದಾಗ ನಮ್ಮ ಹಾಡ ಒಮ್ಮೆನೂ ಹಳೂಕ ಸತ್ತಿಲ್ಲ. ಇವತ್ತೂ ಸಾಯಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ನಾಲ್ಕೂ ಕಾಲು ಆಗಿತ್ತು. "ಫೋನ್ ಹಚ್ಚು ಅಪ್ಪಗ."

ಹಚ್ಚಲೇಬೇಕಾಯಿತು. ನನ್ನ ಬದುಕಿನಲ್ಲಿ ಅಷ್ಟು ನಿಧಾನವಾಗಿ ಹತ್ತು ಅಂಕಿ ಒತ್ತಿಲ್ಲ. ಎತ್ತಿದವಳು ಅವ್ವ.

"ಅವ್ವಾ, ಅಪ್ಪಗ ಕೊಡು."

"ಅಂವಾ ಇಲ್ಲ."

"ಅವ್ವಾ... ಇಲ್ಲಿ ಮೈಕ್ ಐದ ಅದಾವು."

"ಗೊತ್ತೈತಿ," ಎಂದು ಅವ್ವ ಫೋನ್ ಇಟ್ಟಳು.

ಕಾಕಾ ನನ್ನ ಮುಖ ನೋಡಿದರು. "ಹಿಡೀರಿ," ಎಂದರು. ಅವರು ಬ್ಯಾಂಜೋವನ್ನು ಎದೆಗೆ ಅವುಚಿಕೊಂಡ ರೀತಿ ನೋಡಿದರೆ, ಇದು ಅಟ್ಟಕ್ಕೆ ಹೋಗುವ ಮುಂಚಿನ ಕೊನೆಯ ಸಲ ಎಂದು ನನಗೂ ಗೊತ್ತಾಯಿತು. ನಾಲ್ಕನೆಯ ಸಲ ಹಿಡಿದೆವು. ಮೂವರೂ ಸಿಟ್ಟಿನಲ್ಲಿದ್ದೆವು. ಸಿಟ್ಟಿನಲ್ಲಿ ಬಾರಿಸಿದರೆ ವಳಸಂಗದ್ದು ಹೇಗಿರುತ್ತದೆ ಎಂದು ಅವತ್ತೇ ಕೇಳಿದ್ದು. ತತ್ತಿ ಟ್ರೇಗಳು ಗೋಡೆಯಿಂದ ಉದುರತೊಡಗಿದವು. ನಾನು ಕಂಪನಿಯವರ ಗುಂಡಿಯನ್ನು ಒತ್ತಲಿಲ್ಲ, ನನ್ನವೇ ಹತ್ತು ಬೆರಳು, ಎರಡು ತಪ್ಪು. ಖಾಲಿ ಬಂತು. ನಿಂತೆವು. ಯಾರೂ ಯಾರನ್ನೂ ನೋಡಲಿಲ್ಲ.

ಬಾಗಿಲು ಕಿರ್ರೆಂದಿತು.

ಅಪ್ಪ ಒಳಗೆ ಬಂದ. ಕೈಯಲ್ಲಿ ಬಟ್ಟೆ ಕಟ್ಟಿದ ಮಜ್ಜಿಗೆ ಗಡಿಗೆ, ಕಂಕುಳಲ್ಲಿ ರೊಟ್ಟಿಯ ಗಂಟು. ನಮ್ಮನ್ನು ನೋಡಿದ, ರೆಕಾರ್ಡಿಂಗಿನ ಕೆಂಪು ದೀಪ ನೋಡಿದ, ಗಡಿಗೆಯನ್ನು ಸಪ್ಪಳವಾಗದ ಹಾಗೆ ಇಳಿಸಲು ಹೋಗಿ ಸ್ವಲ್ಪ ಸಪ್ಪಳ ಮಾಡಿದ. ಆಮೇಲೆ ಕೈ ಎತ್ತಿದ. ಎಷ್ಟು ಹೊತ್ತು ಎತ್ತಿದ್ದನೋ, ಇವತ್ತಿಗೂ ಎಣಿಸಿಲ್ಲ. ಇಳಿಸಿದ. ಸಿಡಿದೆವು.

ಆ ರೆಕಾರ್ಡಿಂಗ್ ನೀವು ಕೇಳಿದರೆ ಖಾಲಿಯಲ್ಲಿ ಒಂದು ಕಿರ್ರು, ಒಂದು ಠಕ್ಕು ಕೇಳಿಸುತ್ತವೆ. ಬೆಳುಂಕಿಯ ಆ ಮದುವೆಯಿಂದ ಹಿಡಿದು ಈಗ ಎಲ್ಲ ಮದುವೆಗಳಲ್ಲೂ ಹುಡುಗರು "ಆ ಕಿರ್ರ್ ಬಾರಸ್ರಿ" ಎಂದು ಕೂಗುತ್ತಾರೆ. ಅದು ನನ್ನ ಕೀಬೋರ್ಡು ಎಂದುಕೊಂಡಿದ್ದಾರೆ. ನಾನು ತಿದ್ದಿಲ್ಲ.

ಒಂದು ನಿಮಿಷ ಬಾರಿಸಿದೆವು, ಎರಡು ನಿಮಿಷ. ಅಪ್ಪ ಗೋಡೆಗೆ ಆತು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಎಲ್ಲಿ ಮಂಟಪ ಕಂಡಿತೋ ದೇವರಿಗೇ ಗೊತ್ತು. ಬಗ್ಗಿ ಬಟ್ಟೆ ಬಿಚ್ಚಿ ಗಡಿಗೆಯ ಮುಚ್ಚಳ ಎತ್ತಿಕೊಂಡ. ರಜಾಕ ಮಾಮಾನ ಕೈಯಿಂದ ಢೋಲಿನ ಕೋಲು ತೆಗೆದುಕೊಂಡ. ಢೋಲು ನಿಂತಿತು.

ಝಣ್.

ಬ್ಯಾಂಜೋ ನಿಂತಿತು. ಮುಚ್ಚಳದ ಮಜ್ಜಿಗೆ ಸಿಡಿದು ನನ್ನ ಕೀಬೋರ್ಡಿನ ಮೇಲೆ ಬಿತ್ತು, ಮೂರು ಕೀಗಳು ಅಂಟಿಕೊಂಡದ್ದು ಅದಕ್ಕೇ. ನಾನು ಮಾತ್ರ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಎರಡು ಸ್ವರ ಜಾಸ್ತಿ ಬಾರಿಸಿದೆ. ಬೇಕೆಂದೇ ಬಾರಿಸಿದೆ. ಆ ಎರಡೂ ಲಿಂಕಿನಲ್ಲಿ ಇವೆ, ಕೊನೆಯಲ್ಲಿ, ಒಬ್ಬಂಟಿಯಾಗಿ. ಮೂವತ್ತು ವರ್ಷದ ಧಾಟಿಯಲ್ಲಿ ಪೂರ್ತಿ ನನ್ನವು ಎನ್ನುವುದು ಅವಷ್ಟೇ.

ಮೂರನೆಯದಕ್ಕೆ ಕೈ ಎತ್ತಿದ್ದೆ. ಅಪ್ಪ ನನ್ನ ಕಡೆ ನೋಡಿದ.

"ಸಾಕು. ಉಣ್ಣಾಕ ಬಾ."